ಪುಟ್ಟ ಮೈಕ್, ದೊಡ್ಡ ಗುಂಯ್: ಯಾವ ವೈರಿಂಗ್ ನಿಮಗೆ ಸರಿ?

ಅಂಗಿ ಗುಂಡಿಗಿಂತ ಚಿಕ್ಕದಾದ ಎಲೆಕ್ಟ್ರೆಟ್ ಮೈಕ್ ಒಂದಕ್ಕೆ ಬೆಸುಗೆ ಹಾಕಿ, ಪ್ರೀಆಂಪ್‌ಗೆ (ಮೈಕ್‌ನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಸರ್ಕ್ಯೂಟ್) ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು ಸ್ವಿಚ್ ಒತ್ತಿದ್ದೀರಿ. ನಿಮ್ಮ ದನಿ ಪಕ್ಕದ ಮನೆಯಿಂದ ಬಂದ ಹಾಗೆ ಕೇಳಿಸುತ್ತಿದೆ. ಗುಂಯ್ ಅನ್ನುವ ಸದ್ದು ಮಾತ್ರ ಕಿವಿಯೊಳಗೇ ಕೂತಿದೆ. ಈ ಕೆಲಸಕ್ಕೆ ಕೈಹಾಕಿದ ಬಹುತೇಕ ಎಲ್ಲರಿಗೂ ಆಗುವುದು ಇದೇ.

ನನಗೆ ಮೊದಲ ಸಲ ಹೀಗಾದಾಗ ನಾನು ಪ್ರೀಆಂಪ್‌ನ ಐಸಿಯನ್ನು, ಅಂದರೆ ಹಿಗ್ಗಿಸುವ ಕೆಲಸ ಮಾಡುವ ಚಿಪ್ಪನ್ನು, ಬೈದೆ. ಎಲ್‌ಎಂ358 ಹಾಕಿದ್ದೆ, ಅದನ್ನು ಕಿತ್ತು ಎನ್‌ಇ5532 ಕೂರಿಸಿದೆ. ಗುಂಯ್ ಹೋಗಲಿಲ್ಲ, ಇನ್ನಷ್ಟು ಚೊಕ್ಕವಾಗಿ ಕೇಳಿಸಿತು ಅಷ್ಟೇ! ಎರಡು ಸಂಜೆ ಹಾಳು ಮಾಡಿಕೊಂಡ ಮೇಲೆ ಸುಮ್ನೆ ವೈರನ್ನು ಒಮ್ಮೆ ಎಳೆದು ನೋಡಿದೆ. ಒಳಗೆ ಎರಡು ಎಳೆ, ಮೇಲೆ ಲೋಹದ ಹೊದಿಕೆ ಅಂದರೆ ಶೀಲ್ಡ್ ಇರುವ ವೈರ್ ಅದು. ಎಳೆಗಳೆರಡೂ ಗಟ್ಟಿಯಾಗಿದ್ದವು. ಶೀಲ್ಡಿನ ತಾಮ್ರದ ಜಡೆ ಪ್ರೀಆಂಪ್ ಕಡೆ ಬೆಸುಗೆಯ ಉಂಡೆಯ ಮೇಲೆ ಕೂತಂತೆ ಕಾಣುತ್ತಿತ್ತು, ಹಿಡಿದುಕೊಂಡಿರಲಿಲ್ಲ. ಉಗುರಿನಲ್ಲಿ ತಳ್ಳಿದರೆ ಅಲ್ಲಾಡುತ್ತಿತ್ತು. ಕಬ್ಬಿಣದ ತುದಿಯನ್ನು ಮೂರು ಸೆಕೆಂಡು ಇಟ್ಟು ಮತ್ತೆ ಬೆಸೆದೆ. ಮುಕ್ಕಾಲು ಪಾಲು ಗುಂಯ್ ಅಲ್ಲೇ ಮಾಯವಾಯಿತು.

ಅವತ್ತಿನಿಂದ ನಾನು ಆರಿಸುವ ಕ್ರಮವೇ ಬದಲಾಯಿತು. ಮೊದಲು ಮೈಕ್‌ನಿಂದ ಪ್ರೀಆಂಪ್‌ವರೆಗಿನ ದಾರಿ, ಆಮೇಲೆ ಕರೆಂಟ್ ಎಲ್ಲಿಂದ ಬರುತ್ತದೆ ಅನ್ನುವುದು, ಕೊನೆಗೆ ಐಸಿ. ಜಾಸ್ತಿ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಇದರ ಹಿಂದೆ ಒಂದು ಸಣ್ಣ ಲೆಕ್ಕವಿದೆ. ಸಾಧಾರಣ ಎಲೆಕ್ಟ್ರೆಟ್ ಮೈಕ್ 94 ಡೆಸಿಬೆಲ್ ಸದ್ದಿಗೆ ಸುಮಾರು 10 ಮಿಲಿವೋಲ್ಟ್ ಕೊಡುತ್ತದೆ. ಒಂದು ಅಡಿ ದೂರದಿಂದ ಮಾಮೂಲಿಯಾಗಿ ಮಾತಾಡಿದರೆ ಮೈಕ್‌ಗೆ ಮುಟ್ಟುವುದು 70 ಡೆಸಿಬೆಲ್ ಆಸುಪಾಸು. ಅಂದರೆ ಕೈಗೆ ಸಿಗುವುದು 0.6 ಮಿಲಿವೋಲ್ಟ್. ಇದನ್ನು ನೂರು ಪಟ್ಟು ಹಿಗ್ಗಿಸಿದರೆ 60 ಮಿಲಿವೋಲ್ಟ್ ಆಗುತ್ತದೆ. ದಾರಿಯಲ್ಲಿ ವೈರ್ 0.05 ಮಿಲಿವೋಲ್ಟ್ ಗುಂಯ್ ಹಿಡಿದುಕೊಂಡಿದೆ ಅಂತ ಇಟ್ಟುಕೊಳ್ಳಿ. ಅದೂ ದನಿಯ ಜೊತೆಗೇ ನೂರು ಪಟ್ಟು ಬೆಳೆಯುತ್ತದೆ. ದನಿಗೂ ಗುಂಯ್‌ಗೂ ಇರುವ ಅಂತರ ಹನ್ನೆರಡು ಪಟ್ಟು ಮಾತ್ರ, ಸುಮಾರು 22 ಡೆಸಿಬೆಲ್. ಪ್ರೀಆಂಪ್ ಎಷ್ಟೇ ಒಳ್ಳೆಯದಿರಲಿ, ಒಳಗೆ ಬಂದಾದ ಗುಂಯನ್ನು ಅದು ಬೇರೆ ಮಾಡಲಾರದು.

ಮೊದಲು ಯಾವ ಗುಂಯ್ ಅಂತ ಕೇಳಿಸಿಕೊಳ್ಳಿ

ಗುಂಯ್‌ನಲ್ಲೂ ಜಾತಿಗಳಿವೆ. ಯಾವುದು ಅಂತ ಗೊತ್ತಾಗದೆ ವೈರನ್ನೋ ಐಸಿಯನ್ನೋ ಆರಿಸಲು ಹೊರಟರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ತಂಬೂರಿಯ ಮಂದ್ರದ ತಂತಿಯ ಹಾಗೆ ಮೆತ್ತಗೆ, ದಪ್ಪಗೆ ಕೇಳಿಸುವುದು ಕರೆಂಟಿನ ಮೂಲ ಸದ್ದು. ನಿಮ್ಮ ಊರಿನ ವಿದ್ಯುತ್ 50 ಹರ್ಟ್ಜ್‌ನದಾದರೆ 50, 60ರದಾದರೆ 60. ಇದು ಹೆಚ್ಚಾಗಿ ಹತ್ತಿರದ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರದಿಂದ ಬರುತ್ತದೆ, ಇಲ್ಲವಾದರೆ ಗ್ರೌಂಡ್ ಲೂಪ್‌ನಿಂದ, ಅಂದರೆ ಎರಡು ಉಪಕರಣಗಳ ಗ್ರೌಂಡ್ (ಸೊನ್ನೆ ವೋಲ್ಟ್‌ನ ತಂತಿ) ಎರಡು ದಾರಿಯಲ್ಲಿ ಸೇರಿ ಆಗುವ ಸುತ್ತಿನಿಂದ. ಅದರ ಎರಡರಷ್ಟು ಏರಿದ ಸ್ವರ, ಅಂದರೆ 100 ಅಥವಾ 120 ಹರ್ಟ್ಜ್ ಕೇಳಿಸಿದರೆ ಅಡಾಪ್ಟರ್‌ನ ಡಿಸಿ ಸರಿಯಾಗಿ ಸಮತಟ್ಟಾಗಿಲ್ಲ. ಜುರ್ರ್ ಅಂತ ಮೊನಚಾಗಿ, ಜೇನುನೊಣದ ಹಾಗೆ ಕೇಳಿಸಿದರೆ ಶೀಲ್ಡ್ ಎಲ್ಲೋ ಕೈಕೊಟ್ಟಿದೆ. ದೀಪದ ಡಿಮ್ಮರ್ ಪಕ್ಕದಲ್ಲಿದ್ದರೆ ಇದೇ ಇನ್ನೂ ಜೋರು.

ಕಿವಿಗೆ ಅನುಮಾನ ಬಂದರೆ ಬೆರಳು ಬಳಸಿ. ಮೈಕ್‌ನ ಲೋಹದ ಮೈಯನ್ನು ಮುಟ್ಟಿ. ಗುಂಯ್ ತಟ್ಟನೆ ಏರಿದರೆ ಅಥವಾ ಇಳಿದರೆ ಆ ಲೋಹಕ್ಕೆ ಗ್ರೌಂಡ್ ಸರಿಯಾಗಿ ಸಿಕ್ಕಿಲ್ಲ ಅಂತ ಅರ್ಥ. ಏನೂ ಬದಲಾಗದಿದ್ದರೆ ಶೀಲ್ಡ್ ಮಟ್ಟಿಗೆ ನೀವು ಪಾಸು. ಆಮೇಲೆ ಮೈಕ್ ಮತ್ತು ವೈರನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ. ದಿಕ್ಕು ಬದಲಾದಂತೆ ಸದ್ದು ಏರಿಳಿದರೆ ಅದು ಕಾಂತಕ್ಷೇತ್ರದ್ದು. ಇದಕ್ಕೆ ತಾಮ್ರದ ಜಡೆಯಾಗಲಿ ಅಲ್ಯುಮಿನಿಯಂ ಹಾಳೆಯಾಗಲಿ ಅಡ್ಡ ಬರುವುದಿಲ್ಲ. ದೂರ ಸರಿಸುವುದೇ ಮದ್ದು. ಟ್ರಾನ್ಸ್‌ಫಾರ್ಮರ್‌ನಿಂದ ದೂರ ಹೋದಂತೆ ಈ ಕ್ಷೇತ್ರ ಬಲು ಬೇಗ ಸೋಲುತ್ತದೆ. ಒಂದು ಮೊಳ ಸರಿಸಿದರೂ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದು ಪರೀಕ್ಷೆ ಉಂಟು, ಹೇಳಲು ಸ್ವಲ್ಪ ನಾಚಿಕೆ. ಮೈಕನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ನೋಡಿ. ಗುಂಯ್ ಕಡಿಮೆಯಾದರೆ ಅದು ನಿಜವಾಗಿಯೂ ಕೋಣೆಯಲ್ಲಿರುವ ಸದ್ದು. ನಾನೊಮ್ಮೆ ಅರ್ಧ ದಿನ ಬೆನ್ನಟ್ಟಿದ್ದು ಗೋಡೆಯಾಚೆಗಿನ ಫ್ರಿಜ್ಜನ್ನು.

ಎರಡು ಕಾಲಿನದೋ, ಮೂರು ಕಾಲಿನದೋ

ಎಲೆಕ್ಟ್ರೆಟ್ ಮೈಕ್‌ನ ಒಳಗೆ ಕಾಯಂ ವಿದ್ಯುದಂಶ ತುಂಬಿದ ತೆಳು ಹಾಳೆ ಇರುತ್ತದೆ. 1962ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದ್ದು ಈ ಬಗೆಯನ್ನೇ. ಆ ಹಾಳೆಯಿಂದ ಬರುವ ಸಿಗ್ನಲ್ ಬಹಳ ನಾಜೂಕು. ಅದನ್ನು ಹಾಗೇ ಒಂದು ಮೀಟರ್ ವೈರಿಗೆ ಬಿಟ್ಟರೆ ಏನೂ ಉಳಿಯುವುದಿಲ್ಲ. ಅದಕ್ಕೇ ಡಬ್ಬಿಯ ಒಳಗೇ ಒಂದು ಎಫ್‌ಇಟಿ ಟ್ರಾನ್ಸಿಸ್ಟರ್ ಕೂತಿರುತ್ತದೆ. ನಾವು ಮೈಕ್‌ಗೆ ಕರೆಂಟ್ ಕೊಡುವುದು ಈ ಟ್ರಾನ್ಸಿಸ್ಟರ್‌ಗೆ, ಹಾಳೆಗಲ್ಲ.

ಎರಡು ಪ್ಯಾಡ್‌ನ ಮೈಕ್‌ಗಳೇ ಜಾಸ್ತಿ ಸಿಗುವುದು. ಹಿಂದೆ ತಿರುಗಿಸಿ ನೋಡಿ. ಒಂದು ಪ್ಯಾಡ್‌ನಿಂದ ಸಣ್ಣ ಗೆರೆಗಳು ಲೋಹದ ಅಂಚಿನವರೆಗೆ ಹೋಗಿರುತ್ತವೆ. ಅದು ಗ್ರೌಂಡ್. ಕಣ್ಣಿಗೆ ಕಾಣದಿದ್ದರೆ ಮಲ್ಟಿಮೀಟರ್‌ನ ಬೀಪ್ ಇದೆಯಲ್ಲ. ಇನ್ನೊಂದು ಪ್ಯಾಡ್ ಸಿಗ್ನಲ್. ಅದಕ್ಕೇ 2.2 ಕಿಲೋ ಓಮ್ ರೆಸಿಸ್ಟರ್ ಮೂಲಕ ವೋಲ್ಟೇಜ್ ಕೊಡಬೇಕು. ಇವೆರಡು ಅದಲುಬದಲಾದರೆ ದನಿ ಕುಂದುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು, ಮೈಕ್‌ನ ಇಡೀ ಲೋಹದ ಮೈ ಸಿಗ್ನಲ್‌ಗೆ ಸೇರಿ ಆಂಟೆನಾ ಆಗಿಬಿಡುತ್ತದೆ. ಮುಟ್ಟಿದ ಕೂಡಲೇ ಗುಂಯ್ ಅಂತ ಬೊಬ್ಬೆ ಹಾಕಿದರೆ ಮೊದಲು ಇದನ್ನೇ ನೋಡಿ.

ಮೂರು ಕಾಲಿನದರಲ್ಲಿ ಎಫ್‌ಇಟಿಯ ಎರಡು ತುದಿಗಳೂ ಬೇರೆ ಬೇರೆಯಾಗಿ ಹೊರಬರುತ್ತವೆ, ಗ್ರೌಂಡ್ ಮೂರನೆಯದು. ಜೋರು ಸದ್ದನ್ನು ಒಡೆಯದೆ ಹಿಡಿಯಲು ಇದು ಅನುಕೂಲ. ಡ್ರಮ್‌ನ ಹತ್ತಿರ ಇಡುವವರಿಗೆ, ಸ್ಪೀಕರ್ ಅಳೆಯುವವರಿಗೆ ಬೇಕಾಗುತ್ತದೆ. ಸ್ಪೀಕರ್ ವಿನ್ಯಾಸಕ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಎರಡು ಕಾಲಿನ ಪ್ಯಾನಸೋನಿಕ್ ಡಬ್ಲ್ಯುಎಂ-61ಎ ಮೈಕ್‌ನ ಹಿಂದಿನ ಗೆರೆಯನ್ನು ಕತ್ತರಿಸಿ ಮೂರು ಕಾಲಿನದಾಗಿ ಮಾಡಿಕೊಂಡದ್ದು ಇದೇ ಉದ್ದೇಶಕ್ಕೆ. ಮಾತು, ಹಾಡು, ಹಕ್ಕಿಯ ಕೂಗು ಇಷ್ಟಕ್ಕಾದರೆ ಎರಡು ಕಾಲಿನದೇ ಸಾಕು.

ಬೆಸುಗೆ ಹಾಕುವಾಗ ಒಂದು ಎಚ್ಚರ. ಬಿಸಿ ಹೆಚ್ಚಾದರೆ ಹಾಳೆಯ ವಿದ್ಯುದಂಶ ಸೋರಿಹೋಗುತ್ತದೆ, ಮೈಕ್ ಬದುಕಿದ್ದೂ ಕಿವುಡಾಗುತ್ತದೆ. ವೈರಿನ ತುದಿಗೆ ಮೊದಲೇ ಸೀಸ ಹಚ್ಚಿಟ್ಟುಕೊಳ್ಳಿ, ಪ್ಯಾಡ್‌ನ ಮೇಲಿಟ್ಟು ಕಬ್ಬಿಣ ತಾಗಿಸಿ, ಒಂದು-ಎರಡು ಅನ್ನುವಷ್ಟರಲ್ಲಿ ತೆಗೆಯಿರಿ. ಸರಿಯಾಗಿ ಹಿಡಿಯಲಿಲ್ಲವೇ? ತಣ್ಣಗಾಗಲು ಬಿಟ್ಟು ಆಮೇಲೆ ಮತ್ತೊಮ್ಮೆ. ಅಲ್ಲೇ ಒತ್ತಿ ಹಿಡಿದು ಕೂರಬೇಡಿ.

ಪ್ರೀಆಂಪ್ ಮೈಕ್‌ನ ಹತ್ತಿರವೋ, ದೂರವೋ

ನನ್ನ ಮಟ್ಟಿಗೆ ಇಡೀ ಆಯ್ಕೆಯಲ್ಲಿ ಮುಖ್ಯವಾದದ್ದು ಇದೇ. ಮೈಕನ್ನು ಮೇಜಿನ ಮೇಲಿಟ್ಟು, ಪ್ರೀಆಂಪನ್ನು ಮೂರು ಮೀಟರ್ ಆಚೆ ರೆಕಾರ್ಡರ್ ಪಕ್ಕದಲ್ಲಿ ಇಡಬಹುದು. ಅಥವಾ ಪ್ರೀಆಂಪನ್ನು ಮೈಕ್‌ನ ಬೆನ್ನಿಗೇ ಅಂಟಿಸಿ, ಬೆಳೆದ ಸಿಗ್ನಲ್ಲನ್ನು ವೈರಿನಲ್ಲಿ ಕಳಿಸಬಹುದು.

ಮೇಲಿನ ಲೆಕ್ಕಕ್ಕೆ ವಾಪಸು ಹೋಗೋಣ. ಪ್ರೀಆಂಪ್ ಮೈಕ್‌ನ ಬಳಿಯೇ ಇದ್ದರೆ ವೈರಿಗೆ ಇಳಿಯುವಾಗಲೇ ದನಿ 60 ಮಿಲಿವೋಲ್ಟ್ ಇರುತ್ತದೆ. ವೈರ್ ಅದೇ 0.05 ಮಿಲಿವೋಲ್ಟ್ ಗುಂಯ್ ಹಿಡಿದರೂ ಅಂತರ ಈಗ 1200 ಪಟ್ಟು. 22 ಡೆಸಿಬೆಲ್ ಇದ್ದದ್ದು 62 ಆಯಿತು. ಅದೇ ವೈರ್, ಅದೇ ಐಸಿ, ಅದೇ ಕೋಣೆ.

ಹಾಗಾದರೆ ಎಲ್ಲರೂ ಹೀಗೇ ಯಾಕೆ ಮಾಡುವುದಿಲ್ಲ? ಪ್ರೀಆಂಪ್‌ಗೂ ಕರೆಂಟ್ ಬೇಕಲ್ವಾ! ಬ್ಯಾಟರಿಯನ್ನು ಮೈಕ್‌ನ ಜೊತೆಗೇ ಕಟ್ಟಬೇಕು, ಇಲ್ಲವೇ ಮೂರನೆಯ ಎಳೆಯಲ್ಲಿ ವೋಲ್ಟೇಜ್ ಕಳಿಸಬೇಕು. ಎರಡನೆಯದನ್ನು ಆರಿಸಿದರೆ ಕರೆಂಟೂ ಸಿಗ್ನಲ್ಲೂ ಒಂದೇ ಗ್ರೌಂಡ್ ತಂತಿಯಲ್ಲಿ ಹಿಂದಿರುಗುತ್ತವೆ. ಐಸಿಗೆ ವೋಲ್ಟೇಜ್ ಬರುವ ಕಾಲಿನ ಪಕ್ಕದಲ್ಲೇ 100 ನ್ಯಾನೋಫ್ಯಾರಡ್‌ನದೊಂದು, 47 ಮೈಕ್ರೋಫ್ಯಾರಡ್‌ನದೊಂದು ಕೆಪಾಸಿಟರ್ ಹಾಕಿ. ಹೊರಬರುವ ಸಿಗ್ನಲ್‌ಗೆ 100 ಓಮ್ ರೆಸಿಸ್ಟರ್ ಸರಣಿಯಲ್ಲಿರಲಿ. ಉದ್ದನೆಯ ವೈರಿನ ಕೆಪಾಸಿಟೆನ್ಸ್ ಕಂಡರೆ ಕೆಲವು ಆಪ್‌ಆಂಪ್‌ಗಳು (ಎನ್‌ಇ5532 ಥರದ ಹಿಗ್ಗಿಸುವ ಐಸಿಗಳು) ತಾವೇ ಕೂಗಲು ಶುರುಮಾಡುತ್ತವೆ, ಅದನ್ನು ಈ ನೂರು ಓಮ್ ತಡೆಯುತ್ತದೆ.

ಅರ್ಧ ಮೀಟರ್ ಒಳಗಿನ ಕೆಲಸಕ್ಕೆ ಈ ರಗಳೆ ಬೇಡ. ಪ್ರೀಆಂಪ್ ಎಲ್ಲಿದ್ದರೂ ನಡೆಯುತ್ತದೆ, ಶೀಲ್ಡ್ ವೈರ್ ಇದ್ದರಾಯಿತು. ಎರಡು-ಮೂರು ಮೀಟರ್ ದಾಟಿದರೆ ನಾನು ಕಣ್ಣು ಮುಚ್ಚಿಕೊಂಡು ಮೈಕ್‌ನ ಬೆನ್ನಿಗೇ ಪ್ರೀಆಂಪ್ ಕಟ್ಟುತ್ತೇನೆ, ಇಲ್ಲವೇ ಮುಂದೆ ಹೇಳುವ ಬ್ಯಾಲೆನ್ಸ್ಡ್ ದಾರಿ ಹಿಡಿಯುತ್ತೇನೆ.

ಉದ್ದನೆಯ ವೈರ್ ಹಾಕಿದರೆ ದನಿಯ ಚುರುಕು ಹೋಗುತ್ತದೆ ಅನ್ನುವ ಭಯ ಕೆಲವರಿಗೆ. ಎಲೆಕ್ಟ್ರೆಟ್‌ನಲ್ಲಿ ಅದು ಸುಳ್ಳು ಭಯ. ಶೀಲ್ಡ್ ವೈರಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಅಂದರೂ ಹತ್ತು ಮೀಟರಿಗೆ 1000. 2.2 ಕಿಲೋ ಓಮ್ ಜೊತೆಗೆ ಅದು ಕತ್ತರಿಸುವುದು 72 ಕಿಲೋ ಹರ್ಟ್ಜ್ ಮೇಲೆ. ನಮ್ಮ ಕಿವಿ 20ಕ್ಕೇ ಮುಗಿಯಿತು. ಗಿಟಾರ್‌ಗೆ ಅಂಟಿಸುವ ಪೀಜೋ ತುಂಡಾದರೆ ಮಾತು ಬೇರೆ, ಅದರೊಳಗೆ ಎಫ್‌ಇಟಿ ಇರುವುದಿಲ್ಲ.

ವೈರುಗಳ ಪೈಕಿ

ಬ್ರೆಡ್‌ಬೋರ್ಡ್‌ನ ಬಣ್ಣಬಣ್ಣದ ಜಂಪರ್ ವೈರ್ ಪ್ರಯೋಗಕ್ಕೆ ಸರಿ. ಲೋಹದ ಡಬ್ಬಿಯ ಒಳಗೆ ನಾಲ್ಕೈದು ಸೆಂಟಿಮೀಟರ್‌ವರೆಗೆ ಕ್ಷಮಿಸಬಹುದು. ಹೊರಗೆ ಬೇಡ.

ಒಂದೇ ಎಳೆಯ ಶೀಲ್ಡ್ ವೈರ್‌ನಲ್ಲಿ ಶೀಲ್ಡೇ ಗ್ರೌಂಡ್ ತಂತಿಯೂ ಹೌದು. ಹಾಗಾಗಿ ಎರಡೂ ಕಡೆ ಬೆಸೆಯಲೇಬೇಕು. ಶೀಲ್ಡನ್ನು ಒಂದೇ ಕಡೆ ಬೆಸೆಯಬೇಕು ಅನ್ನುವ ಸಲಹೆ ಎಲ್ಲೋ ಕೇಳಿ ಇಲ್ಲೂ ಹಾಗೇ ಮಾಡಿದರೆ ಮೈಕ್ ಮಾತೇ ಆಡುವುದಿಲ್ಲ. ಆ ಸಲಹೆ ಹೊಂದುವುದು ಎರಡು ಎಳೆಯ ಶೀಲ್ಡ್ ವೈರಿಗೆ. ಅದರಲ್ಲಿ ಒಂದು ಎಳೆ ಸಿಗ್ನಲ್, ಇನ್ನೊಂದು ಗ್ರೌಂಡ್. ಶೀಲ್ಡ್ ಪ್ರೀಆಂಪ್ ಕಡೆ ಮಾತ್ರ. ಸುಮ್ನೆ ಹೊದಿಕೆಯ ಕೆಲಸ ಮಾಡಿಕೊಂಡಿರುತ್ತದೆ. ಒಳಗಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಕಾಂತಕ್ಷೇತ್ರದ ಗುಂಯ್ ಕೂಡ ಸ್ವಲ್ಪ ಕಡಿಮೆ. ಈ ಎರಡರಲ್ಲಿ ಆರಿಸಬೇಕಾದರೆ ನಾನು ಯಾವಾಗಲೂ ಎರಡು ಎಳೆಯದನ್ನೇ ತೆಗೆದುಕೊಳ್ಳುತ್ತೇನೆ.

ಸ್ಟಾರ್ ಕ್ವಾಡ್ ಅಂತ ನಾಲ್ಕು ಎಳೆಯದೂ ಸಿಗುತ್ತದೆ. ಎದುರುಬದುರಿನ ಎಳೆಗಳನ್ನು ಜೋಡಿ ಮಾಡಿ ಬೆಸೆಯಬೇಕು. ಬ್ಯಾಲೆನ್ಸ್ಡ್ ಜೋಡಣೆಯಲ್ಲಿ, ಅದೂ ಟ್ರಾನ್ಸ್‌ಫಾರ್ಮರ್‌ಗಳ ನಡುವೆ ಹಾದುಹೋಗಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಮೇಜಿನ ಮೇಲಿನ ಮೈಕ್‌ಗೆ ಇದು ದುಂದುವೆಚ್ಚ.

ಶೀಲ್ಡ್ ಜಡೆಯದಾದರೆ ಬಾಗಿಸಲು ಸುಲಭ, ತುಂಬಾ ದಿನ ಬಾಳುತ್ತದೆ. ಹಾಳೆಯದಾದರೆ ಪೂರ್ತಿ ಮುಚ್ಚುತ್ತದೆ, ಆದರೆ ಪದೇಪದೇ ಮಡಚಿದರೆ ಹರಿಯುತ್ತದೆ. ಒಂದೇ ಕಡೆ ಬಿದ್ದಿರುವ ವೈರಿಗೆ ಹಾಳೆ, ಓಡಾಡುವ ಮೈಕ್‌ಗೆ ಜಡೆ. ಯಾವುದೇ ಆಗಲಿ, ಕರೆಂಟಿನ ವೈರಿನ ಜೊತೆ ಜೊತೆಗೇ ಓಡಿಸಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ.

ಕರೆಂಟ್ ಯಾವುದರಿಂದ

ಜಾಸ್ತಿ ಜನ ಎಡವುವುದು ಇಲ್ಲಿ. ಮೈಕ್‌ಗೆ 2.2 ಕಿಲೋ ಓಮ್ ಮೂಲಕ ವೋಲ್ಟೇಜ್ ಕೊಡುತ್ತೇವೆ. ಆ ರೆಸಿಸ್ಟರ್ ಮತ್ತು ಮೈಕ್ ಸೇರುವ ಜಾಗದಿಂದಲೇ ಸಿಗ್ನಲ್ ತೆಗೆಯುತ್ತೇವೆ. ಒಳಗಿನ ಎಫ್‌ಇಟಿ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸ್ವಭಾವದ್ದು. ಹಾಗಾಗಿ ಮೇಲಿನ ವೋಲ್ಟೇಜ್ ಒಂದು ಮಿಲಿವೋಲ್ಟ್ ಅಲ್ಲಾಡಿದರೆ ಸಿಗ್ನಲ್ ಜಾಗವೂ ಹತ್ತಿರ ಹತ್ತಿರ ಒಂದು ಮಿಲಿವೋಲ್ಟ್ ಅಲ್ಲಾಡುತ್ತದೆ. ನಮ್ಮ ದನಿ 0.6 ಮಿಲಿವೋಲ್ಟ್ ಅಂತ ನೆನಪಿದೆಯಲ್ಲ? ಅಂದರೆ ಅಡಾಪ್ಟರ್‌ನ ಒಂದು ಮಿಲಿವೋಲ್ಟ್ ಕೊಳೆ ದನಿಗಿಂತ ಜೋರು.

ಇದಕ್ಕೆ ಮದ್ದು ಎರಡೇ ಬಿಡಿಭಾಗ. ವೋಲ್ಟೇಜ್ ಬರುವ ದಾರಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಹಾಕಿ. ಅದರ ಆಚೆ ತುದಿಯಿಂದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಅಲ್ಲಿಂದ ಮುಂದೆ ಮಾಮೂಲಿ 2.2 ಕಿಲೋ ಓಮ್. 100 ಹರ್ಟ್ಜ್‌ನ ಗುಂಯನ್ನು ಇದು ಅರವತ್ತು ಪಟ್ಟಿಗಿಂತ ಹೆಚ್ಚು, ಅಂದರೆ 36 ಡೆಸಿಬೆಲ್ ಇಳಿಸುತ್ತದೆ. ಮೈಕ್ ಎಳೆಯುವ ಕರೆಂಟ್ ಅರ್ಧ ಮಿಲಿಆಂಪಿಯರ್ ಅಂದರೂ ಈ 1 ಕಿಲೋ ಓಮ್‌ನಲ್ಲಿ ಕಳೆದುಕೊಳ್ಳುವುದು ಅರ್ಧ ವೋಲ್ಟ್ ಅಷ್ಟೇ. 5 ವೋಲ್ಟ್ ಇದ್ದರೂ ಧಾರಾಳ. ಐಸಿ ಬದಲಿಸುವುದಕ್ಕೆ ಮುಂಚೆ ಇದನ್ನು ಹಾಕಿ ನೋಡಿ ಅಂತ ನಾನು ಕಂಡವರಿಗೆಲ್ಲ ಹೇಳುತ್ತೇನೆ.

ಒಂದೇ ಸಪ್ಲೈನಲ್ಲಿ ಆಪ್‌ಆಂಪ್ ನಡೆಸುವಾಗ ಇದೇ ಕೊಳೆ ಹಿತ್ತಿಲ ಬಾಗಿಲಿಂದಲೂ ಬರುತ್ತದೆ. ಅರ್ಧ ವೋಲ್ಟೇಜ್ ಮಾಡಲು ಎರಡು ಸಮ ರೆಸಿಸ್ಟರ್ ಹಾಕುತ್ತೇವಲ್ಲ, ಅದರ ನಡುವಿನಿಂದ ಗ್ರೌಂಡಿಗೆ ಒಂದು 47 ಮೈಕ್ರೋಫ್ಯಾರಡ್ ಇಲ್ಲದಿದ್ದರೆ ಅಡಾಪ್ಟರ್‌ನ ಅರ್ಧ ಗುಂಯ್ ನೇರವಾಗಿ ಒಳಗೆ. ಆ ನಡುವಿನಿಂದ ಐಸಿಗೆ ಸಿಗ್ನಲ್ ಒಳಬರುವ ಕಾಲಿಗೆ 100 ಕಿಲೋ ಓಮ್ ಮೂಲಕ ಹೋಗಿ. ಇಲ್ಲದಿದ್ದರೆ ಆ ಕೆಪಾಸಿಟರ್ ನಿಮ್ಮ ದನಿಯನ್ನೂ ನುಂಗಿಬಿಡುತ್ತದೆ.

ಈಗ ಹೋಲಿಕೆ. 9 ವೋಲ್ಟ್ ಬ್ಯಾಟರಿಯಲ್ಲಿ ಗುಂಯ್ ಅನ್ನುವುದೇ ಇರುವುದಿಲ್ಲ, ಗ್ರೌಂಡ್ ಲೂಪ್ ಕೂಡ ಇಲ್ಲ. ಎನ್‌ಇ5532 ಸುಮಾರು 8 ಮಿಲಿಆಂಪಿಯರ್ ತಿನ್ನುತ್ತದೆ. 500 ಮಿಲಿಆಂಪ್ ಗಂಟೆಯ ಬ್ಯಾಟರಿ ಅರವತ್ತು ಗಂಟೆ ಬರಬೇಕು ಅಂತ ಲೆಕ್ಕ, ವೋಲ್ಟೇಜ್ ಇಳಿಯುವುದರಿಂದ ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಟಿಎಲ್072 ಐಸಿ ತಿನ್ನುವುದು ಮೂರರ ಆಸುಪಾಸು. ಆಗೀಗ ರೆಕಾರ್ಡ್ ಮಾಡುವವರಿಗೆ ಬ್ಯಾಟರಿಗಿಂತ ನೆಮ್ಮದಿ ಇನ್ನೊಂದಿಲ್ಲ.

ದಿನವಿಡೀ ಓಡಬೇಕಾದರೆ ಅಡಾಪ್ಟರ್. 12 ವೋಲ್ಟ್‌ನದು ತಂದು 7809 ರೆಗ್ಯುಲೇಟರ್‌ನಿಂದ 9ಕ್ಕೆ ಇಳಿಸಿ, ಆಮೇಲೆ ಮೇಲೆ ಹೇಳಿದ ಸೋಸುವ ಜೋಡಿ. ಕಂಪ್ಯೂಟರ್‌ನ ಯುಎಸ್‌ಬಿಯಿಂದ 5 ವೋಲ್ಟ್ ತೆಗೆಯುವುದು ಸುಲಭವೇನೋ ಹೌದು, ಅದರ ಜೊತೆಗೆ ಕಂಪ್ಯೂಟರ್‌ನ ಚಿಲಿಪಿಲಿಯೂ ಬರುತ್ತದೆ. ಮೌಸ್ ಅಲ್ಲಾಡಿಸಿದರೆ ಹೆಡ್‌ಫೋನ್‌ನಲ್ಲಿ ಸದ್ದು! ಸೋಸಿದರೆ ಬಹಳಷ್ಟು ಹೋಗುತ್ತದೆ, ಗ್ರೌಂಡ್ ಮೂಲಕ ಬರುವುದು ಉಳಿಯುತ್ತದೆ.

ಐಸಿ ವಿಚಾರ, ಬೇಗ ಮುಗಿಸೋಣ

62 ಡೆಸಿಬೆಲ್ ಸಿಗ್ನಲ್-ನಾಯ್ಸ್ ಅನುಪಾತದ (ದನಿಗೂ ಮೈಕ್‌ನ ಸ್ವಂತ ಸದ್ದಿಗೂ ಇರುವ ಅಂತರ) ಡಬ್ಲ್ಯುಎಂ-61ಎ ಥರದ ಮೈಕ್ ತಾನೇ ಸುಮಾರು 14 ಮೈಕ್ರೋವೋಲ್ಟ್ ಸುಯ್ಯೆನ್ನುವ ಸದ್ದು ಮಾಡುತ್ತದೆ. ಟಿಎಲ್072 ಸೇರಿಸುವುದು ಎರಡೂವರೆ ಮೈಕ್ರೋವೋಲ್ಟ್, ಎನ್‌ಇ5532 ಒಂದಕ್ಕಿಂತ ಕಡಿಮೆ. ಮೈಕ್‌ನ ಸದ್ದಿನ ಮುಂದೆ ಎರಡೂ ಕೇಳಿಸುವುದಿಲ್ಲ. ಪ್ರಿಮೊ ಇಎಂ172 ಥರದ 80 ಡೆಸಿಬೆಲ್‌ನ ಮೈಕ್ ಆದರೆ ಅದರ ಸ್ವಂತ ಸದ್ದು 4 ಮೈಕ್ರೋವೋಲ್ಟ್ ಅಷ್ಟೇ. ಆಗ ಎನ್‌ಇ5532ಗೆ ಅರ್ಥವಿದೆ. ಸುಯ್ ಕಡಿಮೆಯಾಗಬೇಕು ಅಂದರೆ ಹಣವನ್ನು ಮೈಕ್‌ಗೆ ಹಾಕಿ, ಐಸಿಗಲ್ಲ.

ವೋಲ್ಟೇಜ್ ಮಾತ್ರ ನೋಡಿಕೊಳ್ಳಿ. ಎನ್‌ಇ5532ಗೆ 10 ವೋಲ್ಟ್ ಇದ್ದರೆ ಖುಷಿ, 9ರಲ್ಲಿ ನಡೆಸುವವರು ಬೇಕಾದಷ್ಟಿದ್ದಾರೆ, 5ರಲ್ಲಿ ಬೇಡ. 5 ವೋಲ್ಟ್ ಮಾತ್ರ ಇದ್ದರೆ ಎನ್‌ಜೆಎಂ4580 ನೋಡಿ. ರೆಡಿಮೇಡ್ ಮಾಡ್ಯೂಲ್ ಬೇಕಾದರೆ ಮ್ಯಾಕ್ಸ್4466 ಇರುವುದು ಒಳ್ಳೆಯದು. ಮ್ಯಾಕ್ಸ್9814ರಲ್ಲಿ ಗೇನ್, ಅಂದರೆ ಎಷ್ಟು ಪಟ್ಟು ಹಿಗ್ಗಿಸಬೇಕು ಅನ್ನುವುದು, ತಾನೇ ಏರಿಳಿಯುತ್ತದೆ. ನೀವು ಮಾತು ನಿಲ್ಲಿಸಿದ ಕೂಡಲೇ ಅದು ಗೇನ್ ಏರಿಸಿ ಗುಂಯನ್ನು ಹುಡುಕಿ ತಂದು ಕೊಡುತ್ತದೆ. ಚಪ್ಪಾಳೆಗೆ ದೀಪ ಹತ್ತಿಸಲು ಸರಿ, ರೆಕಾರ್ಡಿಂಗ್‌ಗೆ ಕಿರಿಕಿರಿ. ಎಲ್‌ಎಂ386 ಸ್ಪೀಕರ್ ಓಡಿಸುವ ಐಸಿ, ಅದನ್ನು ಪ್ರೀಆಂಪ್ ಮಾಡುವ ಹಟ ಬಿಡಿ.

ನೇರವಾಗಿ ಜಾಕ್‌ಗೆ, ಅಥವಾ 48 ವೋಲ್ಟ್‌ಗೆ

ಪ್ರೀಆಂಪ್ ಕಟ್ಟುವುದೇ ಬೇಡ ಅನ್ನುವವರಿಗೆ ಎರಡು ದಾರಿಗಳಿವೆ. ರೆಕಾರ್ಡರ್, ಕ್ಯಾಮೆರಾಗಳ 3.5 ಮಿಲಿಮೀಟರ್ ಮೈಕ್ ಜಾಕ್ ತಾನೇ ಎರಡರಿಂದ ಐದು ವೋಲ್ಟ್ ಕೊಡುತ್ತದೆ. ಮೈಕ್‌ನ ಸಿಗ್ನಲ್ ಪ್ಯಾಡ್ ಜಾಕ್‌ನ ತುದಿಗೆ, ಗ್ರೌಂಡ್ ಬುಡಕ್ಕೆ. ಮುಗಿಯಿತು. ಹಳೆಯ ಕಂಪ್ಯೂಟರ್ ಸೌಂಡ್ ಕಾರ್ಡ್‌ಗಳಲ್ಲಿ ತುದಿ ಸಿಗ್ನಲ್, ನಡುವಿನ ಉಂಗುರದಲ್ಲಿ ವೋಲ್ಟೇಜ್. ಫೋನಿನ ನಾಲ್ಕು ಭಾಗದ ಜಾಕ್‌ನಲ್ಲಿ ಈಗ ರೂಢಿಯಲ್ಲಿರುವ ಕ್ರಮದಂತೆ ಮೈಕ್ ಬುಡಕ್ಕೆ, ಗ್ರೌಂಡ್ ಅದರ ಪಕ್ಕದ ಉಂಗುರಕ್ಕೆ. ಒಂದೂವರೆ ಮೀಟರ್‌ವರೆಗೆ, ಅದೂ ಉಪಕರಣ ಬ್ಯಾಟರಿಯಲ್ಲಿ ಓಡುತ್ತಿದ್ದರೆ, ಇದಕ್ಕಿಂತ ಸರಳವಾದದ್ದಿಲ್ಲ. ಶೀಲ್ಡ್ ವೈರ್ ಬಳಸಿದರೆ ಗುಂಯ್ ಹತ್ತಿರ ಸುಳಿಯುವುದಿಲ್ಲ.

ಇನ್ನೊಂದು, ಆಡಿಯೋ ಇಂಟರ್‌ಫೇಸ್ ಅಥವಾ ಮಿಕ್ಸರ್‌ನ ಎಕ್ಸ್‌ಎಲ್‌ಆರ್ ಅನ್ನುವ ಮೂರು ಪಿನ್ನಿನ ಜಾಕ್. ಅಲ್ಲಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಸಿಗ್ನಲ್ ಎಳೆಗಳಲ್ಲೇ ಮೈಕ್‌ಗೆ ಬರುವ ವೋಲ್ಟೇಜ್ ಇರುತ್ತದೆ. ನಮ್ಮ ಪುಟ್ಟ ಮೈಕ್‌ಗಳಲ್ಲಿ ಹೆಚ್ಚಿನವಕ್ಕೆ 10 ವೋಲ್ಟೇ ಗರಿಷ್ಠ ಮಿತಿ. ಆದ್ದರಿಂದ ವೋಲ್ಟೇಜ್ ಇಳಿಸುವ ಸಣ್ಣ ಸರ್ಕ್ಯೂಟ್ ಅಥವಾ ಅದಕ್ಕೆಂದೇ ಮಾಡಿದ ಪರಿವರ್ತಕ ಜಾಕ್ ಬೇಕು. ಬರೀ ಆಕಾರ ಬದಲಿಸುವ ಅಡಾಪ್ಟರ್ ಚುಚ್ಚಿದರೆ ಮೈಕ್‌ಗೆ ಅದೇ ಕೊನೆಯ ದಿನವಾಗಬಹುದು.

ಇಷ್ಟು ಕಷ್ಟಪಟ್ಟರೆ ಸಿಗುವುದು ಬ್ಯಾಲೆನ್ಸ್ಡ್ ದಾರಿ. ಗುಂಯ್ ಎರಡೂ ಎಳೆಗಳಿಗೆ ಸಮನಾಗಿ ಹತ್ತುತ್ತದೆ, ಇಂಟರ್‌ಫೇಸ್ ಎರಡರ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುತ್ತದೆ, ಗುಂಯ್ ಕಳೆದುಹೋಗುತ್ತದೆ. ಇದಕ್ಕೆ ಎರಡೂ ಎಳೆಗಳಲ್ಲಿ ದನಿ ಇರಲೇಬೇಕು ಅಂತ ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಎರಡೂ ಎಳೆಗಳ ಇಂಪಿಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಒಂದೇ ಆಗಿದ್ದರೆ ಸಾಕು. ಒಂದರಲ್ಲಿ ದನಿ, ಇನ್ನೊಂದರಲ್ಲಿ ಅಷ್ಟೇ ಇಂಪಿಡೆನ್ಸ್‌ನ ರೆಸಿಸ್ಟರ್ ಮತ್ತು ಕೆಪಾಸಿಟರ್ ಗ್ರೌಂಡಿಗೆ. ಗುಂಯ್‌ಗೆ ಎರಡೂ ಒಂದೇ ಥರ ಕಾಣುತ್ತವೆ. ಹತ್ತು, ಇಪ್ಪತ್ತು ಮೀಟರ್ ಎಳೆಯಬೇಕಾದವರಿಗೆ ನಾನು ಬೇರೆ ಏನನ್ನೂ ಹೇಳುವುದಿಲ್ಲ. ಇಲ್ಲಿ ಶೀಲ್ಡ್ ಎರಡೂ ಕಡೆ ಸೇರಬೇಕು, ಮತ್ತು ಶೀಲ್ಡ್ ಸೇರುವ ಎಕ್ಸ್‌ಎಲ್‌ಆರ್‌ನ ಪಿನ್ 1 ಹೋಗಬೇಕಾದದ್ದು ಲೋಹದ ಡಬ್ಬಿಗೆ, ಬೋರ್ಡಿನ ಒಳಗಿನ ಗ್ರೌಂಡಿಗಲ್ಲ. ಬೋರ್ಡಿಗೆ ಹೋದರೆ ಶೀಲ್ಡಿನ ಕೊಳೆಯೆಲ್ಲ ಸರ್ಕ್ಯೂಟ್ ಒಳಗೆ ಓಡಾಡುತ್ತದೆ. ಆಡಿಯೋ ಎಂಜಿನಿಯರ್ ನೀಲ್ ಮನ್ಸಿ 1995ರಲ್ಲಿ ಇದನ್ನು ಬಿಡಿಸಿ ಬರೆದ ಮೇಲೆ ಇದಕ್ಕೆ ಪಿನ್ 1 ಸಮಸ್ಯೆ ಅಂತಲೇ ಹೆಸರು ಬಿತ್ತು.

ಮೈಕ್ರೋಕಂಟ್ರೋಲರ್‌ಗೆ ಜೋಡಿಸುವವರು ಐಎನ್‌ಎಂಪಿ441 ಥರದ ಡಿಜಿಟಲ್ ಮೈಕ್ ಕೂಡ ನೋಡಬಹುದು. ದನಿ ಮೈಕ್ ಒಳಗೇ ಅಂಕಿಗಳಾಗಿ ಹೊರಬರುವುದರಿಂದ ವೈರಿಗೆ ಗುಂಯ್ ಹತ್ತುವ ಮಾತೇ ಇಲ್ಲ. ವೈರ್ ಮಾತ್ರ ಗೇಣುದ್ದ ಮೀರದಿರಲಿ. 61 ಡೆಸಿಬೆಲ್ ಅನುಪಾತ, ಮಾತಿಗೆ ಸಾಕು, ಸಂಗೀತಕ್ಕೆ ನಾನು ಆರಿಸುವುದಿಲ್ಲ.

ಲ್ಯಾಪ್‌ಟಾಪ್ ಚಾರ್ಜರ್ ಎಂಬ ಕಳ್ಳ

ಎಲ್ಲ ಸರಿ ಮಾಡಿದ ಮೇಲೂ ಗುಂಯ್ ಉಳಿದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ತಟ್ಟನೆ ಮೌನವಾದರೆ ತಪ್ಪು ನಿಮ್ಮ ಬೆಸುಗೆಯದಲ್ಲ. ಎರಡು ಪಿನ್ನಿನ ಚಾರ್ಜರ್‌ಗಳಲ್ಲಿ ಒಳಗಿನ ಸಣ್ಣ ಕೆಪಾಸಿಟರ್ ಮೂಲಕ ಕರೆಂಟ್ ಸ್ವಲ್ಪ ಸೋರುತ್ತದೆ. ಲ್ಯಾಪ್‌ಟಾಪ್‌ನ ಲೋಹದ ಮೈ ಸವರಿದರೆ ಬೆರಳು ಜುಮ್ ಅನ್ನುವುದು ಇದರಿಂದಲೇ. ಮೂರು ಪಿನ್ನಿನದಾದರೆ, ಪ್ರೀಆಂಪ್‌ನ ಅಡಾಪ್ಟರ್‌ಗೂ ಅರ್ತ್ ಇದ್ದರೆ, ಎರಡು ಅರ್ತ್‌ಗಳ ನಡುವೆ ಲೂಪ್ ಆಗುತ್ತದೆ. ಅರ್ತ್ ಪಿನ್ ಮುರಿದರೆ ಗುಂಯ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆ ಪಿನ್ ಇರುವುದು ನಿಮ್ಮ ಜೀವಕ್ಕೆ. ಎರಡನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿ ನೋಡಿ. ಆಗಲಿಲ್ಲವೆಂದರೆ ಪ್ರೀಆಂಪ್ ಆದ ಮೇಲೆ, ಸಿಗ್ನಲ್ ದೊಡ್ಡದಾದ ಜಾಗದಲ್ಲಿ, ಒಂದಕ್ಕೊಂದು ಅನುಪಾತದ ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಿ. ಪ್ರೀಆಂಪ್‌ಗೆ ಮುಂಚೆ ಹಾಕಿದರೆ ಅದೇ ಗುಂಯ್ ಹಿಡಿಯುವ ಸುರುಳಿಯಾಗುತ್ತದೆ.

ನಾನಾದರೆ

ಮೇಜಿನ ಮೇಲೆ ಮಾತು ರೆಕಾರ್ಡ್ ಮಾಡಲು, ರೆಕಾರ್ಡರ್ ಕೈಯಳತೆಯಲ್ಲಿದ್ದರೆ: ಎರಡು ಕಾಲಿನ ಒಳ್ಳೆಯ ಮೈಕ್, ಎರಡು ಎಳೆಯ ಶೀಲ್ಡ್ ವೈರ್, ನೇರವಾಗಿ ಜಾಕ್‌ಗೆ. ಪ್ರೀಆಂಪ್ ಕಟ್ಟುವ ಆಸೆಯೇ ಇದ್ದರೆ ಟಿಎಲ್072, 9 ವೋಲ್ಟ್ ಬ್ಯಾಟರಿ, ಸುತ್ತ ಲೋಹದ ಡಬ್ಬಿ. ಡಬ್ಬಿಯನ್ನು ಗ್ರೌಂಡಿಗೆ ಒಂದೇ ಜಾಗದಲ್ಲಿ, ಮೈಕ್ ಒಳಬರುವ ಕಡೆ ಸೇರಿಸಿ.

ಕೋಣೆಯ ಆಚೆ ತುದಿಗೆ ಮೈಕ್ ಹೋಗಬೇಕಾದರೆ ಪ್ರೀಆಂಪ್ ಮೈಕ್‌ನ ಬೆನ್ನಿಗೆ. ಅದಕ್ಕೂ ಆಚೆಗಾದರೆ ಬ್ಯಾಲೆನ್ಸ್ಡ್, 48 ವೋಲ್ಟ್. ಯಾವುದೇ ಇರಲಿ, ಡಬ್ಬಿ ಮುಚ್ಚುವ ಮುಂಚೆ ಗೇನ್ ಪೂರ್ತಿ ಏರಿಸಿ, ಮೈಕ್‌ನ ಮೈ ಒಮ್ಮೆ ಮುಟ್ಟಿ, ವೈರನ್ನು ಎರಡೂ ತುದಿಯಲ್ಲಿ ಮೆತ್ತಗೆ ಎಳೆದು ನೋಡಿ. ಸ್ಕ್ರೂ ಹಾಕುವುದು ಆಮೇಲೆ.